ಮೈಗ್ರೇನ್‌ಗೆ ಅಕ್ಯುಪಂಕ್ಚರ್ ಸೂಜಿ ಚುಚ್ಚಿಸಿಕೊಳ್ಳಬೇಕಾ?

ಪರ: ನನಗೆ ಕಡಿಮೆಯಾಗಿದೆ

ಚೌಕಿಪೇಟೆಯ ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವುದು ನನ್ನ ಕೆಲಸ. ಏಪ್ರಿಲ್ ಬಂದರೆ ಮದುವೆ ಜವಳಿಯ ಗಲಾಟೆ, ತಲೆ ಮೇಲೆ ಸಾಲು ಲೈಟು, ಹೊರಗೆ ದಾವಣಗೆರೆ ಬಿಸಿಲು. ಅರೆತಲೆನೋವು ಶುರುವಾದರೆ ಎಡಗಣ್ಣಿನ ಹಿಂದೆ ಯಾರೋ ಕುಟ್ಟಿದ ಹಾಗಾಗುತ್ತದೆ, ಪಕ್ಕದ ಮನೆಯ ಒಗ್ಗರಣೆ ವಾಸನೆಗೂ ವಾಂತಿ ಬರುತ್ತದೆ, ಕಿಟಕಿಗೆ ಬೆಡ್‌ಶೀಟ್ ಕಟ್ಟಿ ಮಲಗಿದರೆ ಆ ದಿನದ ಕಥೆ ಮುಗಿಯಿತು. ತಿಂಗಳಿಗೆ ಆರೇಳು ಸಲ ಹೀಗೆ.

ಮಾತ್ರೆ ತಗೊಳ್ಳಬಾರದಾ ಅನ್ನುತ್ತಾರೆ. ಮೈಗ್ರೇನ್ ಬರದ ಹಾಗೆ ದಿನಾ ನುಂಗುವ ಪ್ರೊಪ್ರನಲಾಲ್ ನನಗೆ ಕೊಡುವ ಹಾಗಿಲ್ಲ, ಉಬ್ಬಸ ಇದೆ. ಅಂಥದ್ದೇ ಇನ್ನೊಂದು ಮಾತ್ರೆ ಫ್ಲುನಾರಿಜಿನ್ ತಗೊಂಡರೆ ಬೆಳಗ್ಗೆ ಹತ್ತಾದರೂ ಜೊಂಪು, ಜೊತೆಗೆ ತೂಕವೂ ಏರಿತು. ಆಮೇಲೆ ಅಕ್ಯುಪಂಕ್ಚರ್‌ಗೆ, ಅಂದರೆ ಮೈಯ ಕೆಲವು ಬಿಂದುಗಳಿಗೆ ಸೂಜಿ ಚುಚ್ಚುವ ಚಿಕಿತ್ಸೆಗೆ ಹೋದೆ.

ಇಂಜೆಕ್ಷನ್ ಸೂಜಿ ಅಂದುಕೊಂಡು ಹೆದರಬೇಡಿ. ಕೂದಲಿನ ಹಾಗೆ ತೆಳ್ಳಗಿರುತ್ತದೆ. ಹೆಬ್ಬೆರಳು ತೋರುಬೆರಳಿನ ನಡುವಿನ ಮಾಂಸಕ್ಕೆ ಒಂದು, ಕತ್ತಿನ ಹಿಂದೆ ಕೂದಲು ಶುರುವಾಗುವಲ್ಲಿ ಎರಡು. ಚುರ್ ಅನ್ನುವುದಿಲ್ಲ, ಕೈ ಒಂಥರಾ ಭಾರವಾಗಿ ಜೋಮು ಹಿಡಿಯುತ್ತದೆ. ಇಪ್ಪತ್ತು ನಿಮಿಷ ಸುಮ್ನೆ ಮಲಗುವುದು. ಹತ್ತು ಸಲ ಹೋದ ಮೇಲೆ ಆರೇಳು ಇದ್ದದ್ದು ಮೂರಕ್ಕೆ ಬಂತು.

ನನ್ನೊಬ್ಬಳ ಮಾತು ಬಿಡಿ. 2016ರಲ್ಲಿ, ಚಿಕಿತ್ಸೆಗಳ ಪುರಾವೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು 22 ಅಧ್ಯಯನಗಳನ್ನು, ಸುಮಾರು 5,000 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಮಾಮೂಲಿ ಆರೈಕೆಯಲ್ಲಿ ನೂರಕ್ಕೆ 17 ಜನರಿಗೆ ತಲೆನೋವು ಅರ್ಧದಷ್ಟಾದರೂ ಇಳಿದರೆ, ಸೂಜಿ ಸೇರಿದಾಗ 41 ಜನರಿಗೆ ಇಳಿಯಿತು. ದಿನಾ ನುಂಗುವ ಮಾತ್ರೆಗಳ ಪಕ್ಕ ಇಟ್ಟರೆ, ಮೂರು ತಿಂಗಳಿಗೆ ಹಾಗೆ ಇಳಿದದ್ದು ಸೂಜಿಯವರಲ್ಲಿ ನೂರಕ್ಕೆ 57, ಮಾತ್ರೆಯವರಲ್ಲಿ 46 ಜನರಿಗೆ. ದಿನಾ ನುಂಗುವ ಇಂಥ ಎರಡು ಮಾತ್ರೆ, ಟೊಪಿರಮೇಟ್ ಮತ್ತು ಪ್ರೊಪ್ರನಲಾಲ್, ಒಗ್ಗದವರಿಗೆ ಹತ್ತು ಸಲದವರೆಗೆ ಸೂಜಿ ಕೊಡುವುದನ್ನು ಯೋಚಿಸಿ ಅಂತ ಬ್ರಿಟನ್ನಿನ 2012ರ ವೈದ್ಯಕೀಯ ಮಾರ್ಗಸೂಚಿಯೇ ಹೇಳಿತು. ನನ್ನಂಥವರಿಗೆ ಇಷ್ಟು ಸಾಲದಾ?

ವಿರೋಧ: ಕಡಿಮೆ ಮಾಡಿದ್ದು ಸೂಜಿಯಲ್ಲ

ನಂದು ಮೆಡಿಕಲ್ ಶಾಪು. ಮಾತ್ರೆ ಮಾರುವವನು ಇನ್ನೇನು ಹೇಳುತ್ತಾನೆ ಅಂತ ನಗಬಹುದು, ನಗಿ.

ಮೇಲಿನವರು ಅದೇ ಕಾಕ್ರೇನ್ ವರದಿಯ ಒಂದು ಲೆಕ್ಕವನ್ನು ಬಿಟ್ಟಿದ್ದಾರೆ. ಹುಸಿ ಸೂಜಿ, ಅಂದರೆ ಹೋಲಿಸಿ ನೋಡಲು ತೋರಿಕೆಗೆ ಕೊಡುವ ಸೂಜಿ, ಚುಚ್ಚಿಸಿಕೊಂಡವರಲ್ಲೂ ನೂರಕ್ಕೆ 41 ಜನರಿಗೆ ಕಡಿಮೆಯಾಗಿತ್ತು. ನಿಜವಾದ ಸೂಜಿಗೆ 50. 2005ರಲ್ಲಿ ಜರ್ಮನಿಯವರು 302 ಜನರ ಮೇಲೆ ನಡೆಸಿದ ಅಧ್ಯಯನ ಇನ್ನೂ ಮಜವಾಗಿದೆ. ನೋವು ಅರ್ಧಕ್ಕಿಳಿದದ್ದು ಸರಿಯಾದ ಜಾಗಕ್ಕೆ ಚುಚ್ಚಿಸಿಕೊಂಡವರಲ್ಲಿ ನೂರಕ್ಕೆ 51, ಬೇರೆಲ್ಲೋ ಆಳಕ್ಕಿಳಿಸದೆ ಚುಚ್ಚಿಸಿಕೊಂಡವರಲ್ಲಿ 53, ಏನೂ ಮಾಡದೆ ಕಾಯಿಸಿದವರಲ್ಲಿ 15 ಜನರಿಗೆ. ಎಲ್ಲಿ ಚುಚ್ಚಿದರೂ ಅಷ್ಟೇ ಅಂದರೆ ಗೋಡೆಗೆ ತೂಗುಹಾಕಿದ ಆ ಬಿಂದುಗಳ ಚಾರ್ಟ್ ಯಾಕೆ? ನಂಬಿಕೆ, ಒಬ್ಬರು ಕೂತು ನಮ್ಮ ಕಷ್ಟ ಕೇಳಿದ್ದು, ತಂಪು ಕೋಣೆಯಲ್ಲಿ ಇಪ್ಪತ್ತು ನಿಮಿಷ ಕಣ್ಣು ಮುಚ್ಚಿದ್ದು, ಕೆಲಸ ಮಾಡಿರುವುದು ಇವು ಅನ್ನಿಸುತ್ತದೆ. ನೋವು ತೀರಾ ಜಾಸ್ತಿ ಆದಾಗಲೇ ಜನ ಅಲ್ಲಿಗೆ ಹೋಗುವುದು, ಆಮೇಲೆ ಅದು ತಾನಾಗಿಯೂ ಇಳಿಯುತ್ತದೆ ಅಲ್ವಾ.

ಒಂದು ಮಾತು ಒಪ್ಪುತ್ತೇನೆ. ತಿಂಗಳಲ್ಲಿ 15 ದಿನ, ಅದಕ್ಕೂ ಜಾಸ್ತಿ ನೋವಿನ ಮಾತ್ರೆ ನುಂಗಿದರೆ ಆ ಮಾತ್ರೆಯೇ ತಲೆನೋವು ತರುತ್ತದೆ. ಹಾಗೆ ಸ್ಟ್ರಿಪ್ ಮೇಲೆ ಸ್ಟ್ರಿಪ್ ಒಯ್ಯುವವರಿಗೆ ನಾನೂ ಕೊಟ್ಟಿದ್ದೇನೆ, ಈಗ ಕೇಳಿಯೇ ಕೊಡುತ್ತೇನೆ. ಆದರೆ ಅದಕ್ಕೆ ಬೇಕಾದ್ದು ಡಾಕ್ಟರು, ತಲೆನೋವು ಬಂದ ದಿನ ಬರೆದಿಡುವ ಒಂದು ಕ್ಯಾಲೆಂಡರು. ಇದ್ದಕ್ಕಿದ್ದ ಹಾಗೆ ಸಿಡಿಲು ಬಡಿದಂಥ ನೋವು, ಮಾತು ತೊದಲುವುದು, ಕೈ ಸೋಲುವುದು ಕಂಡರಂತೂ ಸೂಜಿಯವರ ಹತ್ತಿರ ಹೋಗಲೇಬೇಡಿ, ನೇರ ಆಸ್ಪತ್ರೆಗೆ ಓಡಿ.

ಮೊನ್ನೆ ಜಗಳೂರು ಕಡೆಯ ಅಮ್ಮ ಒಬ್ಬರು ಬಂದಿದ್ದರು. ವಾರಕ್ಕೆರಡು ಸಲ ಕೂಲಿ ಬಿಟ್ಟು, ಬಸ್ಸು ಹತ್ತಿ, ಸೂಜಿಗೆ ಬರುತ್ತಾರೆ. ಬಂದ ದಿನವೇ ನೋವು ಜಾಸ್ತಿಯಂತೆ. ಬೆಳಗ್ಗೆ ಏನು ತಿಂದ್ರಿ ಅಮ್ಮಾ ಅಂದೆ. "ಆರೂವರೆ ಬಸ್ಸು ಕಣಪ್ಪಾ, ಬರೇ ಟೀ" ಅಂದರು.