ಹೊಟ್ಟೆ ಕೊಬ್ಬು ಚುಚ್ಚಿದರೆ ಮೂಳೆ ಬೆಳೆಯುತ್ತಾ?

"ಹೊಟ್ಟೆಯ ಕೊಬ್ಬು ತೆಗೆದು ಮುರಿದ ಜಾಗಕ್ಕೆ ಚುಚ್ಚಿದರೆ ಸಾಕು, ಹೊಸ ಮೂಳೆ ಬೆಳೆಯುತ್ತೆ, ಆಪರೇಷನ್ನೇ ಬೇಡ" ಅನ್ನೋ ಮೆಸೇಜ್ ನಿಮಗೂ ಬಂದಿರಬಹುದು. ಪೂರ್ತಿ ಸುಳ್ಳಲ್ಲ. ಆದರೆ ಮುಖ್ಯವಾದದ್ದನ್ನೇ ನುಂಗಿಬಿಟ್ಟಿದೆ.

ಕೊಬ್ಬಿನಲ್ಲಿ ಕಾಂಡಕೋಶಗಳಿವೆ (ಸ್ಟೆಮ್ ಸೆಲ್, ಅಂದರೆ ಬೇರೆ ಬಗೆಯ ಕೋಶಗಳಾಗಿ ಬದಲಾಗಬಲ್ಲ ಕೋಶಗಳು), ನಿಜ. ಆದರೆ ಸುಮ್ನೆ ಚುಚ್ಚಿದರೆ ಅವು ಮೂಳೆಯಾಗಲ್ಲ. ಹೀರಿ ತೆಗೆದ ಕೊಬ್ಬನ್ನು ತೊಳೆದು, ಕಿಣ್ವ ಹಾಕಿ ಬಿಡಿಸಿ, ಸೆಂಟ್ರಿಫ್ಯೂಜಿನಲ್ಲಿ ಗಿರಗಿರ ತಿರುಗಿಸಿದರೆ ಎಣ್ಣೆ ಮೇಲೆ ನಿಲ್ಲುತ್ತೆ, ಬೇಕಾದ ಕೋಶಗಳು ತಳದಲ್ಲಿ ಚೂರೇ ಚೂರು ಗಸಿಯಾಗಿ ಕೂರುತ್ತವೆ. ಅವನ್ನು ಬೆಳೆಸಿ, ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್, ವಿಟಮಿನ್ ಸಿ ಎಲ್ಲ ಬೆರೆಸಿದ ದ್ರವದಲ್ಲಿ ವಾರಗಟ್ಟಲೆ ಇಟ್ಟಾಗ ಕ್ಯಾಲ್ಸಿಯಂ ಕಟ್ಟಲು ಶುರು ಮಾಡುತ್ತವೆ. ಅಲಿಜರಿನ್ ಬಣ್ಣ ಹಾಕಿದರೆ ಆ ಕ್ಯಾಲ್ಸಿಯಂ ಕೆಂಪಗೆ ಕಾಣುತ್ತೆ. ನೋಡೋಕೆ ಚೆಂದ, ಆದರೆ ಅದಿನ್ನೂ ಮೂಳೆಯಲ್ಲ. ಭಾರ ಹೊರೋಕೆ ಆಕಾರ ಬೇಕು, ರಕ್ತನಾಳ ಬೇಕು.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಗೊರ್ದಾನಾ ವುನ್ಯಾಕ್-ನೊವಾಕೊವಿಚ್ ತಂಡ 2016ರಲ್ಲಿ ಪ್ರಕಟಿಸಿದ ಕೆಲಸ ನೋಡಿ. ದನದ ಮೂಳೆಯಿಂದ ಹಳೆಯ ಕೋಶಗಳನ್ನೆಲ್ಲ ತೊಳೆದು ತೆಗೆದು, ದವಡೆಯ ತುಂಡಿನ ಆಕಾರಕ್ಕೆ ಕೆತ್ತಿ, ಅದರಲ್ಲಿ ಹಂದಿಯ ಕೊಬ್ಬಿನ ಕಾಂಡಕೋಶ ತುಂಬಿ, 3 ವಾರ ಬಯೋರಿಯಾಕ್ಟರಿನಲ್ಲಿ (ಕೋಶ ಬೆಳೆಸುವ ಪಾತ್ರೆಯಲ್ಲಿ) ದ್ರವ ಹರಿಸುತ್ತಾ ಬೆಳೆಸಿ, ಅದೇ ಹಂದಿಗೆ ಕೂರಿಸಿದರು. ಕೂರಿಸಿದ್ದು ಹೇಗೆ? ಆಪರೇಷನ್ ಮಾಡಿಯೇ! 6 ತಿಂಗಳಲ್ಲಿ ಹೊಸ ಮೂಳೆ ಬೆಳೆದಿತ್ತು. ದೊಡ್ಡ ಸಾಧನೆಯೇ, ಆದರೆ ಇಂಜೆಕ್ಷನ್ ಅಲ್ಲ ಅಲ್ವಾ?

ನಮ್ಮಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಬಳಕೆ ಬಿಟ್ಟರೆ ಕಾಂಡಕೋಶದ ಬಳಕೆ ವೈದ್ಯಕೀಯ ಪ್ರಯೋಗದಲ್ಲಿ ಮಾತ್ರ. ಯಾರಾದರೂ ಪ್ಯಾಕೇಜ್ ರೇಟು ಹೇಳಿದರೆ, ದುಡ್ಡು ಕಟ್ಟುವ ಮುಂಚೆ ದೇಶದ ವೈದ್ಯಕೀಯ ಪ್ರಯೋಗಗಳನ್ನು ದಾಖಲಿಸುವ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ.