ಆ ಒಂದು ಮಾತು ಬರೆಯೋಕೆ ಏನು ಕಷ್ಟ?

ತುಮಕೂರಿನ ಮನೆಯಲ್ಲೇ ಕೂತು ಅಮೆರಿಕದ ಮೆಡಿಕಲ್ ಚಾರ್ಟ್‌ಗಳಿಗೆ ಕೋಡ್, ಅಂದರೆ ಪ್ರತಿ ಕಾಯಿಲೆಗೂ ಇರುವ ಸಂಕೇತ ಸಂಖ್ಯೆ, ಹಾಕುವುದು ನನ್ನ ಕೆಲಸ. ನಿನ್ನೆ ಒಬ್ಬ ಹುಡುಗನ ಚಾರ್ಟ್ ಬಂತು. ಓಡಿದರೆ ಎದೆ ಬಿಗಿಯುತ್ತದೆ, ಆಟಕ್ಕೆ 15 ನಿಮಿಷ ಮುಂಚೆ ಅಲ್ಬುಟೆರಾಲ್ ಇನ್ಹೇಲರ್ 2 ಪಫ್. ಎಲ್ಲಾ ಇದೆ. ಕೊನೆಯಲ್ಲಿ ಡಾಕ್ಟರ್ ಬರೆದಿದ್ದು ಮಾತ್ರ ಬರೀ ‘ಅಸ್ತಮಾ’!

ವ್ಯಾಯಾಮದಿಂದ ಬರುವ ಉಬ್ಬಸ ಅಂತ ಬರೆದಿದ್ದರೆ ಕೋಡ್ ಜೆ45.990. ಇಲ್ಲದಿದ್ದರೆ ಜೆ45.909, ಅಂದರೆ ಯಾವ ಬಗೆಯ ಅಸ್ತಮಾ ಅಂತ ಹೇಳಿಲ್ಲ. ನಾವಾಗಿ ಊಹಿಸಿ ಹಾಕುವಂತಿಲ್ಲ. ನಿಯಮ ಸರಿಯಾಗೇ ಇದೆ. ಡಾಕ್ಟರಿಗೆ ಪ್ರಶ್ನೆ ಕಳಿಸಿ ಕಾಯಬೇಕು.

ಇಲ್ಲಿ ನನ್ನ ತಂಗಿ ಮಗನೂ ಸ್ಟೇಡಿಯಂನಲ್ಲಿ ಎರಡು ಸುತ್ತು ಓಡಿದರೆ ಕೆಮ್ಮುತ್ತಾನೆ. ಅವನ ಚೀಟಿಯಲ್ಲೂ ‘ಉಬ್ಬಸ’ ಅಂತಷ್ಟೇ ಇದೆ. ಅದನ್ನು ನೋಡಿ ಪಿಟಿ ಮೇಷ್ಟ್ರು ಸುಮ್ನೆ ಹೊರಗೆ ಕೂರಿಸಿಬಿಟ್ಟರು. ಮುಂಚೆ ಇನ್ಹೇಲರ್ ತಗೊಂಡರೆ ಆ ಮಗು ಆರಾಮಾಗಿ ಓಡುತ್ತದೆ ಅಲ್ವಾ?