ಭರವಸೆ ಹಾಗೇ ಇದೆ, ತಾರೀಖು ಮಾತ್ರ ಮುಂದಕ್ಕೆ ಹೋಗಿದೆ

ಭರವಸೆ ಕೊಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ ಅಂತಾರೆ. ನಾನು ಒಪ್ಪಲ್ಲ. ಕೊಡುವುದೇ ಕಷ್ಟದ ಕೆಲಸ. ಮುರಿದಾಗ ಸದ್ದು ಬರದ ಹಾಗೆ ಕೊಡಬೇಕಲ್ಲ, ಅದಕ್ಕೆ ಸಾಧನೆ ಬೇಕು.

ಈ ಕಲೆ ಗೊತ್ತಿಲ್ಲದೆ ಕೆಟ್ಟವರು ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಬುಷ್, ಅಂದರೆ ಅಪ್ಪ ಬುಷ್. 1988ರಲ್ಲಿ ಪಕ್ಷದ ಸಮಾವೇಶದಲ್ಲಿ ನಿಂತು ‘ನನ್ನ ತುಟಿ ನೋಡಿ, ಹೊಸ ತೆರಿಗೆ ಇಲ್ಲ’ ಅಂದುಬಿಟ್ಟರು. ಎಂಥ ಅಮಾಯಕ ಮನುಷ್ಯ! ಒಂದು ‘ಹಂತ ಹಂತವಾಗಿ’ ಇಲ್ಲ, ಒಂದು ‘ಪರಿಸ್ಥಿತಿ ನೋಡಿಕೊಂಡು’ ಇಲ್ಲ. 1990ರಲ್ಲಿ ಕೊರತೆ ಕುತ್ತಿಗೆಗೆ ಬಂತು, ವಿರೋಧಿಗಳ ಜೊತೆ ಕೂತು ತೆರಿಗೆ ಏರಿಸಲು ಒಪ್ಪಿದರು. 1992ರಲ್ಲಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಆದರೆ ಆ ತುಟಿಯ ದೃಶ್ಯ ಮಾತ್ರ ಪ್ರಚಾರದ ಉದ್ದಕ್ಕೂ ಅವರ ಬೆನ್ನು ಬಿಡಲಿಲ್ಲ. ಇದರಿಂದ ರಾಜಕಾರಣಿಗಳು ಕಲಿತದ್ದು ‘ಮಾತು ತಪ್ಪಬೇಡ’ ಅಂತಲ್ಲ. ‘ತುಟಿ ತೋರಿಸಬೇಡ, ಕ್ಯಾಲೆಂಡರ್ ತೋರಿಸು’ ಅಂತ.

ಕ್ಯಾಲೆಂಡರ್ ಬಹಳ ದಯಾಳು. 2000ದಲ್ಲಿ ಯುರೋಪಿನ ನಾಯಕರೆಲ್ಲ ಲಿಸ್ಬನ್‌ನಲ್ಲಿ ಸೇರಿ, 2010ರ ಹೊತ್ತಿಗೆ ನಮ್ಮದು ಜಗತ್ತಿನಲ್ಲೇ ಅತ್ಯಂತ ಸ್ಪರ್ಧಾತ್ಮಕ, ಜ್ಞಾನ ಆಧರಿಸಿದ ಆರ್ಥಿಕತೆ ಆಗುತ್ತದೆ ಅಂದರು. 2010 ಬಂತು. ಅದು ಗ್ರೀಸ್ ಸಾಲಕ್ಕೆ ಕೈಯೊಡ್ಡಿದ ವರ್ಷ. ನಾಯಕರು ಎದೆಗುಂದಲಿಲ್ಲ. ಅದೇ ವರ್ಷ ಹೊಸ ಯೋಜನೆ ಹೊರಡಿಸಿದರು. ಹೆಸರು ‘ಯುರೋಪ್ 2020’.

ನಾವೇನು ಕಮ್ಮಿ? ಮಕ್ಕಳಿಗೆ ಕಡ್ಡಾಯ ಉಚಿತ ಶಿಕ್ಷಣ ಕೊಡಲು ಹತ್ತು ವರ್ಷದೊಳಗೆ ಪ್ರಯತ್ನಿಸಬೇಕು ಅಂತ 1950ರಲ್ಲಿ ಜಾರಿಗೆ ಬಂದ ಸಂವಿಧಾನ ಹೇಳಿತು. ಶಿಕ್ಷಣ ಹಕ್ಕು ಕಾಯ್ದೆ ಜಾರಿಯಾದದ್ದು 2010ರ ಏಪ್ರಿಲ್ 1ರಂದು. ದಿನ ಆರಿಸಿದವರಿಗೆ ಹಾಸ್ಯಪ್ರಜ್ಞೆ ಇತ್ತೋ ಏನೋ. 1971ರ ‘ಗರೀಬಿ ಹಟಾವೊ’ ಇನ್ನೂ ಜಾಣ ಭರವಸೆ. ಅದಕ್ಕೆ ತಾರೀಖೇ ಇರಲಿಲ್ಲ, ಹಾಗಾಗಿ ಅದು ತಡವಾಗಲು ಸಾಧ್ಯವೇ ಇಲ್ಲ. ರೈತರ ಆದಾಯ 2022ಕ್ಕೆ ದುಪ್ಪಟ್ಟು ಅಂತ 2016ರಲ್ಲಿ ಹೇಳಿದರು. 2024-25ಕ್ಕೆ 5 ಟ್ರಿಲಿಯನ್ ಡಾಲರ್ ಆರ್ಥಿಕತೆ ಅಂತ 2019ರಲ್ಲಿ ಹೇಳಿದರು. ಆ ವರ್ಷ ಬಂದಾಗ ನಾವು 4 ಟ್ರಿಲಿಯನ್ನಿನ ಆಸುಪಾಸಿನಲ್ಲಿದ್ದೆವು. ಪರವಾಗಿಲ್ಲ, ಅಷ್ಟೊತ್ತಿಗೆ ಎಲ್ಲರೂ 2047ರ ‘ವಿಕಸಿತ ಭಾರತ’ದ ಬಗ್ಗೆ ಮಾತಾಡುತ್ತಿದ್ದರು. 2047 ಅಂದರೆ ಸುಮ್ನೆ ಅಲ್ಲ. ಅವತ್ತು ಲೆಕ್ಕ ಕೇಳಬೇಕಾದವರು ಈಗ ಅಂಗನವಾಡಿಯಲ್ಲಿ ಮಲಗಿದ್ದಾರೆ.

ಆದರೆ ಈ ಕಲೆಯ ಶಿಖರ ನೋಡಬೇಕು ಅಂದರೆ ಎಫ್‌ಆರ್‌ಬಿಎಂ, ಅಂದರೆ ವಿತ್ತೀಯ ಹೊಣೆಗಾರಿಕೆ ಮತ್ತು ಬಜೆಟ್ ನಿರ್ವಹಣೆ ಕಾಯ್ದೆ ನೋಡಬೇಕು. ಬೇಜಾರಿನ ಹೆಸರು, ಗೊತ್ತು. ಸ್ವಲ್ಪ ಸಹಿಸಿಕೊಳ್ಳಿ. ಸರ್ಕಾರ ತನ್ನ ಕೈಯನ್ನು ತಾನೇ ಕಟ್ಟಿಕೊಳ್ಳಲು 2003ರಲ್ಲಿ ಮಾಡಿದ ಕಾನೂನು ಇದು. ಆದಾಯಕ್ಕಿಂತ ಜಾಸ್ತಿ ಖರ್ಚು ಮಾಡುವ ಚಟಕ್ಕೆ ಮಿತಿ ಹಾಕುವುದು ಉದ್ದೇಶ. ಕಾಯ್ದೆಯಲ್ಲಿ ಬರೆದ ಗಡುವು 2008ರ ಮಾರ್ಚ್. ಜಾರಿಗೆ ಬಂದದ್ದು 2004ರಲ್ಲಿ. ಗಡುವನ್ನು 2009ರ ಮಾರ್ಚ್‌ಗೆ ತಳ್ಳಿದ್ದೂ 2004ರಲ್ಲೇ! ಕೈ ಕಟ್ಟಿದ ವರ್ಷವೇ ಹಗ್ಗ ಸಡಿಲ. ಕಾಯ್ದೆ ಮಾಡಿದ್ದು ಒಂದು ಸರ್ಕಾರ, ಸಡಿಲಿಸಿದ್ದು ಅದರ ಎದುರಾಳಿ ಸರ್ಕಾರ. ಮುಂದೂಡುವ ವಿಷಯದಲ್ಲಿ ನಮ್ಮಲ್ಲಿ ಪಕ್ಷಭೇದ ಇಲ್ಲ.

ಮಧ್ಯೆ ಒಂದು ವರ್ಷ, 2007-08ರಲ್ಲಿ, ವಿತ್ತೀಯ ಕೊರತೆ, ಅಂದರೆ ಸರ್ಕಾರ ಸಾಲ ಮಾಡಿ ತುಂಬುವ ಅಂತರ, ನಿಜಕ್ಕೂ ಗುರಿ ಇಟ್ಟಿದ್ದ ಜಿಡಿಪಿಯ ಶೇ 3ಕ್ಕಿಂತ ಕೆಳಗೆ ಬಂತು. ಕಾಗದದ ಮೇಲೆ. ತೈಲ ಮತ್ತು ಗೊಬ್ಬರ ಕಂಪನಿಗಳಿಗೆ ಕೊಡಬೇಕಾದ ಸಬ್ಸಿಡಿಗೆ ದುಡ್ಡಿನ ಬದಲು ಬಾಂಡ್ ಕೊಟ್ಟಿದ್ದರು, ಬಾಂಡ್ ಕೊರತೆಯ ಲೆಕ್ಕಕ್ಕೆ ಬರುತ್ತಿರಲಿಲ್ಲ. ಸಾಲ ಹೌದು, ಕೊರತೆ ಅಲ್ಲ. ಮರುವರ್ಷ ಜಗತ್ತಿನಲ್ಲೆಲ್ಲ ಆರ್ಥಿಕ ಬಿಕ್ಕಟ್ಟು, ಕೊರತೆ ಶೇ 6ರ ಹತ್ತಿರ. ಆಮೇಲೆ ತಿದ್ದುಪಡಿ, ಮತ್ತೆ ತಿದ್ದುಪಡಿ. 2018ರ ತಿದ್ದುಪಡಿ ಹೇಳಿತು: 2021ರ ಮಾರ್ಚ್‌ಗೆ ಖಂಡಿತ ಶೇ 3. ಆ ವರ್ಷ ಬಂದದ್ದು ಶೇ 9.2. ಕೋವಿಡ್ ಬಂತು ಅಲ್ವಾ, ಅದಕ್ಕೆ ಯಾರನ್ನೂ ಬೈಯುವಂತಿಲ್ಲ. ಕೋವಿಡ್ ಹೋದ ಮೇಲೆ ಹೊಸ ಗುರಿ: 2025-26ಕ್ಕೆ ಶೇ 4.5ಕ್ಕಿಂತ ಕೆಳಗೆ. ಇದನ್ನು ಮುಟ್ಟುವ ದಾರಿಯಲ್ಲಿದ್ದೇವೆ ಅಂತ ಹೆಮ್ಮೆಯಿಂದ ಹೇಳಿಕೊಂಡೆವು. ಅಂಕಿಯನ್ನೇ ನಮ್ಮ ಹತ್ತಿರಕ್ಕೆ ಕರೆಸಿಕೊಂಡರೆ ಮುಟ್ಟುವುದೇನು ಕಷ್ಟ? ಅಂದಹಾಗೆ, ಈ ಕಾನೂನು ಮುರಿದರೆ ಶಿಕ್ಷೆಯೂ ಇದೆ. ಮಂತ್ರಿಗಳು ಸಂಸತ್ತಿನಲ್ಲಿ ಒಂದು ಹೇಳಿಕೆ ಓದಬೇಕು.

ಎಲ್ಲ ಭರವಸೆಯೂ ಹೀಗೆ ಜಾರುವುದಿಲ್ಲ. ‘ತಾತ್ಕಾಲಿಕ’ ಅನ್ನುವ ಭರವಸೆ ಬಹಳ ಗಟ್ಟಿ, ತಲೆಮಾರುಗಟ್ಟಲೆ ಬಾಳಿಕೆ ಬರುತ್ತದೆ. ಬ್ರಿಟನ್ನಿನ ಆದಾಯ ತೆರಿಗೆಯನ್ನೇ ನೋಡಿ. ನೆಪೋಲಿಯನ್ ಕಾಲದ ಯುದ್ಧದ ಖರ್ಚಿಗೆ ಅಂತ 1799ರಲ್ಲಿ ಶುರುವಾಯ್ತು. ಯುದ್ಧ ಮುಗಿಯಿತು, 1816ರಲ್ಲಿ ರದ್ದಾಯ್ತು. ಜನರಿಗೆ ಅದರ ಮೇಲೆ ಎಷ್ಟು ಸಿಟ್ಟಿತ್ತು ಅಂದರೆ, ತೆರಿಗೆಯ ದಾಖಲೆಗಳನ್ನೆಲ್ಲ ಚೂರು ಚೂರು ಮಾಡಿ ನಾಶ ಮಾಡಬೇಕು ಅಂತ ಸಂಸತ್ತು ಆದೇಶಿಸಿತು. ಮಾಡಿದರು ಕೂಡ. ಆದರೆ ಇನ್ನೊಂದು ಕಚೇರಿಯಲ್ಲಿ ನಕಲು ಪ್ರತಿಗಳು ಭದ್ರವಾಗಿ ಕೂತಿದ್ದವು. ಕಚೇರಿ ಅಂದರೆ ಕಚೇರಿ! 1842ರಲ್ಲಿ ಪ್ರಧಾನಿ ರಾಬರ್ಟ್ ಪೀಲ್ ಮತ್ತೆ ತಂದರು, ಮೂರೇ ಮೂರು ವರ್ಷಕ್ಕೆ. ಅದು ಇವತ್ತಿಗೂ ಕಾನೂನಿನ ಕಣ್ಣಲ್ಲಿ ವಾರ್ಷಿಕ ತೆರಿಗೆ. ಪ್ರತಿ ಏಪ್ರಿಲ್ 5ಕ್ಕೆ ಅದರ ಆಯಸ್ಸು ಮುಗಿಯುತ್ತದೆ. ಪ್ರತಿ ವರ್ಷ ಸಂಸತ್ತು ಅದಕ್ಕೆ ಮತ್ತೆ ಜೀವ ಕೊಡುತ್ತದೆ.

ಇಷ್ಟೆಲ್ಲ ಕೇಳಿ ‘ಎಲ್ಲರೂ ಕಳ್ಳರು’ ಅಂತ ಷರಾ ಬರೆಯಬೇಡಿ. 12 ದೇಶಗಳ 20,000ಕ್ಕೂ ಹೆಚ್ಚು ಚುನಾವಣಾ ಭರವಸೆಗಳನ್ನು ಕೂತು ಪರಿಶೀಲಿಸಿದ ವಿದ್ವಾಂಸರ ಅಧ್ಯಯನವೊಂದು 2017ರಲ್ಲಿ ಬಂತು. ಅಧಿಕಾರಕ್ಕೆ ಬಂದ ಪಕ್ಷಗಳು ನಾವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಭರವಸೆಗಳನ್ನು ಪೂರ್ತಿಯಾಗಿಯೋ ಅರ್ಧಂಬರ್ಧವೋ ಈಡೇರಿಸುತ್ತವಂತೆ. ಓದಿ ನನಗೆ ಮುಜುಗರವಾಯಿತು. ವಿಡಂಬನೆ ಬರೆಯುವವರ ಹೊಟ್ಟೆಪಾಡಿನ ಬಗ್ಗೆ ಈ ವಿದ್ವಾಂಸರಿಗೆ ಕರುಣೆಯೇ ಇಲ್ಲ. ಆಮೇಲೆ ಸಮಾಧಾನ ಮಾಡಿಕೊಂಡೆ. ಪ್ರಣಾಳಿಕೆಯ 43ನೇ ಪುಟದ ಭರವಸೆ ಈಡೇರಿದರೆ ಯಾರಿಗೂ ಗೊತ್ತಾಗುವುದಿಲ್ಲ. ವೋಟು ಬೀಳುವುದು ಮೊದಲ ಪುಟಕ್ಕೆ. ಅಲ್ಲಿ ಮಾತ್ರ ಹಳೇ ಗಾದೆಯೇ ಗಟ್ಟಿ: ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ.

ತಮ್ಮ ಮಾತಿನ ಮೇಲೆ ತಮಗೇ ನಂಬಿಕೆ ಇಲ್ಲ ಅಂತ ಸರ್ಕಾರಗಳು ಒಪ್ಪಿಕೊಂಡ ಒಂದು ಜಾಗವಿದೆ. ಬೆಲೆ ಏರಿಕೆ. ಅದನ್ನು ಹದ್ದುಬಸ್ತಿನಲ್ಲಿ ಇಡುವ ಹೊಣೆಯನ್ನು ಹಲವು ದೇಶಗಳು ಕೇಂದ್ರ ಬ್ಯಾಂಕಿನ ತಲೆಗೆ ಕಟ್ಟಿವೆ. ನಮ್ಮಲ್ಲಿ 2016ರಿಂದ ಹಣದುಬ್ಬರದ ಗುರಿ ಶೇ 4, ಆಚೀಚೆ ಎರಡೆರಡು ಅಂಶ ಮಾಫಿ. ಸತತ ಮೂರು ತ್ರೈಮಾಸಿಕ ಈ ಗೆರೆ ದಾಟಿದರೆ ರಿಸರ್ವ್ ಬ್ಯಾಂಕ್ ಸರ್ಕಾರಕ್ಕೆ ವರದಿ ಕೊಡಬೇಕು. ಯಾಕೆ ಸೋತೆವು, ಈಗೇನು ಮಾಡುತ್ತೇವೆ, ಯಾವಾಗ ಸರಿಹೋಗುತ್ತದೆ, ಮೂರನ್ನೂ ಬರೆಯಬೇಕು. 2022ರಲ್ಲಿ ಗೆರೆ ದಾಟಿತು. ನವೆಂಬರ್‌ನಲ್ಲಿ ಬ್ಯಾಂಕಿನವರು ವಿಶೇಷ ಸಭೆ ಸೇರಿ ಪತ್ರ ಬರೆದರು. ಸರ್ಕಾರ ಅದನ್ನು ಜನರಿಗೆ ತೋರಿಸಲಿಲ್ಲ. ಅಂದರೆ ಬೆಲೆ ಯಾವಾಗ ಹತೋಟಿಗೆ ಬರುತ್ತದೆ ಅಂತ ಕಾನೂನುಬದ್ಧವಾಗಿ, ಲೆಕ್ಕ ಹಾಕಿ, ಸಹಿ ಹಾಕಿ ಬರೆದ ಒಂದು ತಾರೀಖು ದೆಹಲಿಯ ಯಾವುದೋ ಕಡತದಲ್ಲಿದೆ. ಮೈಕು ಹಿಡಿದು ಹೇಳಿದ ತಾರೀಖುಗಳೆಲ್ಲ ನಮಗೆ ಬಾಯಿಪಾಠ ಆಗಿವೆ, ಇದೊಂದು ಮಾತ್ರ ಗುಟ್ಟು.